ಹೊಸ ಮೀನೊಂದು ಶಾಸ್ತ್ರದ ಲೆಕ್ಕಕ್ಕೆ ಸೇರುವ ಬಗೆ: ನೋಥೋಬ್ರಾಂಕಿಯಸ್ ಫರ್ಜೆರಿ

ಜಿಂಬಾಬ್ವೆಯ ಆಗ್ನೇಯ ಭಾಗದಲ್ಲಿಯೂ ಅದಕ್ಕೆ ಹೊಂದಿಕೊಂಡ ಮೊಜಾಂಬಿಕ್‌ನಲ್ಲಿಯೂ ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ಹೊಂಡಗಳಿವೆ. ಬೆರಳುದ್ದದ ಒಂದು ಮೀನು ಇವುಗಳಲ್ಲಿ ಬಾಳುತ್ತದೆ. 1968ರಲ್ಲಿ ರಿಚರ್ಡ್ ಫರ್ಜರ್ ಎಂಬವರು ಗೊನಾರೆಜೊ ವನ್ಯಧಾಮದಿಂದ ಇದನ್ನು ಸಂಗ್ರಹಿಸಿದರು. 1971ರಲ್ಲಿ ಜಬ್ ಎಂಬ ಮತ್ಸ್ಯತಜ್ಞರು ಇದನ್ನು ಹೊಸ ಪ್ರಭೇದವೆಂದು ವರ್ಣಿಸಿ ನೋಥೋಬ್ರಾಂಕಿಯಸ್ ಫರ್ಜೆರಿ ಎಂದು ಹೆಸರಿಟ್ಟರು. ಮೊದಲ ಪದ ಕುಲದ್ದು, ಎರಡನೆಯದು ಪ್ರಭೇದದ್ದು. ಪುರುಷರೊಬ್ಬರ ಹೆಸರಿನ ಕೊನೆಗೆ 'ಇ' ಸೇರಿಸಿ ಅವರನ್ನು ಗೌರವಿಸುವುದು ಲ್ಯಾಟಿನ್ ರೂಢಿ.

ಈ ಗುಂಪಿನ ಮೀನುಗಳಿಗೆ ಕಿಲ್ಲಿ ಮೀನುಗಳೆಂಬ ಹೆಸರುಂಟು. ಇಂಗ್ಲಿಷಿನ 'ಕಿಲ್' ಎಂಬ ಪದ ನೆನಪಾಗಿ ಮಕ್ಕಳು ಬೆದರಬೇಕಿಲ್ಲ. ತೊರೆ ಎಂಬರ್ಥದ ಡಚ್ ಪದದಿಂದ ಅದು ಬಂದುದೆಂದು ಹೇಳುತ್ತಾರೆ.

ಹೊಂಡ ಬತ್ತಿದಾಗ ಬೆಳೆದ ಮೀನುಗಳೆಲ್ಲ ಸಾಯುತ್ತವೆ. ಆದರೆ ಕೆಸರಿನಲ್ಲಿ ಹುದುಗಿದ ಮೊಟ್ಟೆಗಳೊಳಗಿನ ಭ್ರೂಣಗಳು ಬೆಳವಣಿಗೆಯನ್ನು ತಡೆಹಿಡಿದು ತಿಂಗಳುಗಟ್ಟಲೆ ಕಾಯುತ್ತವೆ. ಮತ್ತೆ ಮಳೆ ಬಂದಾಗ ಮರಿಗಳು ಹೊರಬರುತ್ತವೆ. ನೈಸರ್ಗಿಕ ಹೊಂಡಗಳಲ್ಲಿ ಇವು ಹದಿನಾಲ್ಕೇ ದಿನಗಳಲ್ಲಿ ಪ್ರೌಢವಾಗಬಲ್ಲವೆಂದು 2018ರಲ್ಲಿ ಪ್ರಕಟವಾಯಿತು. ಗೊನಾರೆಜೊ ಮೂಲದ ತಳಿ ಸಾಕಣೆಯಲ್ಲಿಯೂ ಸುಮಾರು ಮೂರು ತಿಂಗಳಷ್ಟೇ ಬದುಕುತ್ತದೆ. ಮುಪ್ಪು ಹೇಗೆ ಬರುತ್ತದೆಂದು ಅರಿಯಲು ಇಂದು ಅನೇಕ ಪ್ರಯೋಗಶಾಲೆಗಳು ಇದನ್ನು ಸಾಕುತ್ತಿರುವುದು ಇದೇ ಕಾರಣಕ್ಕೆ.

ಮೀನೊಂದು ಹೊಸದೆಂದು ಸಾಧಿಸುವುದು ಸುಲಭದ ಕೆಲಸವಲ್ಲ. ಜೀವಂತ ಮೀನಿನ ಚಿತ್ರವನ್ನು ಮೊದಲೇ ತೆಗೆಯಬೇಕು. ಮದ್ಯಸಾರದಲ್ಲಿ ಇಟ್ಟರೆ ಬಣ್ಣ ಮಾಸಿಹೋಗುತ್ತದೆ. ಈಜುರೆಕ್ಕೆಗಳ ಕಡ್ಡಿಗಳನ್ನೂ ಮೈಮೇಲಿನ ಹುರುಪೆಗಳ ಸಾಲುಗಳನ್ನೂ ಸೂಕ್ಷ್ಮದರ್ಶಕದಡಿ ಎಣಿಸಬೇಕು. ತಲೆ, ಕಣ್ಣು, ಬಾಲದ ಬುಡ ಇವುಗಳ ಅಳತೆಯನ್ನು ಮೈಯುದ್ದದ ಶೇಕಡಾವಾರಿನಲ್ಲಿ ಕೊಡಬೇಕು. ಈಗ ಡಿಎನ್‌ಎ ಹೋಲಿಕೆಯೂ ರೂಢಿಯಾಗಿದೆ. ಬಳಿಕ ಒಂದೇ ಒಂದು ಮೀನನ್ನು ಮೂಲಮಾದರಿಯೆಂದು ಗೊತ್ತುಮಾಡಿ ಸಂಗ್ರಹಾಲಯದಲ್ಲಿ ಇಡುತ್ತಾರೆ. ಮುಂದೆ ಸಂಶಯ ಬಂದಾಗ ಆ ಹೆಸರು ಯಾವ ಮೀನಿನದೆಂದು ತೀರ್ಮಾನಿಸಲು ಆ ಸೀಸೆಯನ್ನೇ ನೋಡಬೇಕು.

ಬಣ್ಣವನ್ನಷ್ಟೇ ನಂಬಿದರೆ ಮೋಸಹೋಗುತ್ತೇವೆ. ಫರ್ಜೆರಿಯ ಗಂಡುಗಳಲ್ಲಿ ಹಳದಿ ಬಾಲದವೂ ಉಂಟು, ಕೆಂಪು ಬಾಲದವೂ ಉಂಟು. ಎರಡೂ ಒಂದೇ ಪ್ರಭೇದ. ಇದಕ್ಕೆ ತೀರ ಹತ್ತಿರದ ಮಧ್ಯ ಮೊಜಾಂಬಿಕ್‌ನ ಮೀನೊಂದು ಮಾತ್ರ ಬೇರೆಯೇ ಎಂದು 2010ರಲ್ಲಿ ನಿರ್ಧಾರವಾಗಿ, ಅದಕ್ಕೆ ನೋಥೋಬ್ರಾಂಕಿಯಸ್ ಕಡ್ಲೆಸಿ ಎಂಬ ಹೆಸರು ಬಂತು.

ಇಷ್ಟು ಚಿಕ್ಕ ಮೀನಿಗೆ ಇಷ್ಟೊಂದು ಶ್ರಮವೇ ಎಂದು ಕೆಲವರು ಕೇಳಬಹುದು. ಹೆಸರಿಲ್ಲದ ಜೀವಿ ರಕ್ಷಣೆಯ ಪಟ್ಟಿಗೆ ಸೇರುವುದು ಬಹು ಕಷ್ಟವೆಂಬುದೇ ನಮ್ಮ ಉತ್ತರ. ಕೆನ್ಯಾದ ಗೊಂಗೋನಿ ಕಾಡಿನ ಹೊಂಡಗಳಲ್ಲಿರುವ ಇದರ ಬಂಧು ನೋಥೋಬ್ರಾಂಕಿಯಸ್ ಸಿಲ್ವಾಟಿಕಸ್ ಹೆಸರು ಪಡೆದುದು 2020ರಲ್ಲಿ. ಆ ಕಾಡಿನ ಹೊರಗೆ ಅದು ಕಂಡುಬಂದಿಲ್ಲ. ಅಳಿವಿನ ಅಂಚಿನಲ್ಲಿರುವ ಮೀನುಗಳ ಸಾಲಿನಲ್ಲಿ ಅದನ್ನು ಎಣಿಸಲಾಗಿದೆ.