ಮಿಸಲ್‌ಟೋ ಕೃಷಿ

ಮಿಸಲ್‌ಟೋ ಕೃಷಿ : ಯೂರೋಪಿನ, ವಿಶೇಷವಾಗಿ ಇಂಗ್ಲೆಂಡಿನ, ಉದ್ಯಾನಗಳಲ್ಲಿಯೂ ಸೇಬಿನ ತೋಪುಗಳಲ್ಲಿಯೂ ಮಿಸಲ್‌ಟೋ ಎಂಬ ಬಂದಳಿಕೆಯನ್ನು ಅದರ ಹಣ್ಣಿನ ಬೀಜದಿಂದ ಮರದ ಕೊಂಬೆಯ ಮೇಲೆ ಬುದ್ಧಿಪೂರ್ವಕವಾಗಿ ಬೆಳೆಸುವ ಕ್ರಮ. ಸಸ್ಯದ ಶಾಸ್ತ್ರೀಯ ನಾಮ ವಿಸ್ಕಮ್ ಆಲ್ಬಮ್. ಈ ಹೆಸರನ್ನು 1753ರಲ್ಲಿ ಲಿನೇಯಸ್ ಪ್ರಕಟಿಸಿದನು. ಹಿಂದೆ ಲೊರಾಂತೇಸೀ ಕುಟುಂಬದಲ್ಲಿ ಎಣಿಸಲ್ಪಡುತ್ತಿದ್ದ ಇದನ್ನು ಈಗ ಸ್ಯಾಂಟಲೇಸೀ, ಎಂದರೆ ಶ್ರೀಗಂಧದ ಕುಟುಂಬಕ್ಕೆ ಸೇರಿಸಲಾಗಿದೆ. ಶ್ರೀಗಂಧವು ನೆರೆಯ ಗಿಡಗಳ ಬೇರಿನಿಂದ ನೀರನ್ನೂ ಲವಣವನ್ನೂ ಪಡೆದರೆ, ಮಿಸಲ್‌ಟೋ ಅದೇ ಕಾರ್ಯವನ್ನು ಕೊಂಬೆಗಳ ಮೇಲೆ ಕುಳಿತು ನಡೆಸುತ್ತದೆ.

ಸಸ್ಯಸ್ವರೂಪ : ಮಿಸಲ್‌ಟೋ ನಿತ್ಯಹಸಿರಿನ ಪೊದೆ. ಪ್ರತಿಯೊಂದು ರೆಂಬೆಯೂ ಎರಡಾಗಿ, ಆ ಎರಡರಲ್ಲಿ ಒಂದೊಂದೂ ಮತ್ತೆ ಎರಡಾಗಿ ಕವಲೊಡೆಯುತ್ತ ಹೋಗುವುದರಿಂದ ಅದು ಕಾಲಕ್ರಮದಲ್ಲಿ ಗೋಳಾಕಾರವನ್ನು ತಳೆದು ಸುಮಾರು ಒಂದು ಮೀಟರ್ ವ್ಯಾಸದವರೆಗೆ ಬೆಳೆಯುತ್ತದೆ; ಆಶ್ರಯವೃಕ್ಷವು ಎಲೆಯುದುರಿಸಿ ನಿಂತ ಶಿಶಿರದಲ್ಲಿ ಈ ಹಸಿರು ಗೋಳಗಳು ಬಹುದೂರಕ್ಕೆ ಕಾಣಿಸುತ್ತವೆ. ಎಲೆಗಳು ಜೋಡಿಜೋಡಿಯಾಗಿದ್ದು ದಪ್ಪವಾಗಿಯೂ ಹಳದಿ ಬೆರೆತ ಹಸಿರುಬಣ್ಣದವಾಗಿಯೂ ಇರುತ್ತವೆ. ಅವುಗಳಲ್ಲಿ ಪತ್ರಹರಿತ್ತು ಇರುವುದರಿಂದ ಸಸ್ಯವು ತನ್ನ ಆಹಾರವನ್ನು ತಾನೇ ಸಿದ್ಧಪಡಿಸಿಕೊಳ್ಳಬಲ್ಲುದಾದರೂ, ನೆಲದಲ್ಲಿ ಬೇರೂರಲಾರದ ಕಾರಣ ನೀರಿಗೂ ಖನಿಜ ಲವಣಗಳಿಗೂ ಮರವನ್ನೇ ನೆಚ್ಚಿರುತ್ತದೆ. ಆದುದರಿಂದ ಇದು ಅರೆಪರಾವಲಂಬಿ. ಗಂಡುಹೂ ಹೆಣ್ಣುಹೂಗಳು ಬೇರೆ ಬೇರೆ ಸಸ್ಯಗಳಲ್ಲಿ ಫೆಬ್ರವರಿಯಿಂದ ಏಪ್ರಿಲ್ ವರೆಗೆ ಅರಳಿ, ನೊಣ, ಜೇನು ಮುಂತಾದ ಕೀಟಗಳಿಂದ ಪರಾಗಸ್ಪರ್ಶವನ್ನು ಪಡೆಯುತ್ತವೆ. ಮುಂದಿನ ಚಳಿಗಾಲಕ್ಕೆ ಹೆಣ್ಣುಸಸ್ಯಗಳಲ್ಲಿ ಮುತ್ತಿನಂಥ ಬಿಳಿಯ ಹಣ್ಣುಗಳು ಮಾಗುತ್ತವೆ.

ಆಶ್ರಯವೃಕ್ಷಗಳು : ಬ್ರಿಟನ್ನಿನಲ್ಲಿ ಮಿಸಲ್‌ಟೋಗೆ ಸೇಬಿನ ಮರವೇ ಪರಮಪ್ರಿಯ. ಲಿಂಡೆನ್, ಪಾಪ್ಲರ್, ಹಾಥಾರ್ನ್, ವಿಲೋ ಮರಗಳಲ್ಲಿಯೂ ಅದು ಧಾರಾಳವಾಗಿ ಬೆಳೆಯುತ್ತದೆ. ಓಕ್ ಮರದಲ್ಲಿ ಅತಿವಿರಳ. ರೋಮನ್ ಲೇಖಕ ಹಿರಿಯ ಪ್ಲಿನಿ ವರ್ಣಿಸಿರುವ ಗಾಲ್ ದೇಶದ ಡ್ರೂಯಿಡ್ ಪುರೋಹಿತರು, ಚಾಂದ್ರಮಾಸದ ಆರನೆಯ ದಿನ ಶ್ವೇತವಸ್ತ್ರವನ್ನು ಧರಿಸಿ ಮರವನ್ನೇರಿ, ಚಿನ್ನದ ಕುಡುಗೋಲಿನಿಂದ ಕತ್ತರಿಸುತ್ತಿದ್ದುದು ಓಕ್ ಮರದ ಮಿಸಲ್‌ಟೋವನ್ನೇ. ಆ ವಿರಳತೆಯೂ ಅದರ ಪಾವಿತ್ರ್ಯಕ್ಕೆ ಒಂದು ಕಾರಣವಾಗಿದ್ದಿರಬೇಕು. ಇಂಗ್ಲೆಂಡಿನಲ್ಲಿ ಈ ಸಸ್ಯದ ನೆಲೆವೀಡು ಹೆರೆಫರ್ಡ್‌ಷೈರ್, ವೂಸ್ಟರ್‌ಷೈರ್, ಗ್ಲಾಸ್ಟರ್‌ಷೈರ್, ಸಾಮರ್‌ಸೆಟ್ ಪ್ರಾಂತಗಳ ಹಣ್ಣಿನ ಸೀಮೆ. ವೂಸ್ಟರ್‌ಷೈರಿನ ಟೆನ್‌ಬರಿ ವೆಲ್ಸ್ ಪಟ್ಟಣದಲ್ಲಿ ಕ್ರಿಸ್‌ಮಸ್ಸಿಗೆ ಮುಂಚಿನ ವಾರಗಳಲ್ಲಿ ಮಿಸಲ್‌ಟೋ ಹೊರೆಗಳ ಹರಾಜು ನಡೆಯುವುದು ಪ್ರಸಿದ್ಧವಾದ ಸಂಪ್ರದಾಯ. ಹಬ್ಬದ ಕಾಲಕ್ಕೆ ಬಾಗಿಲ ಮೇಲೆ ತೂಗುಹಾಕಿದ ಈ ಗೊಂಚಲಿನ ಕೆಳಗೆ ಎದುರಾದವರು ಚುಂಬಿಸಬಹುದೆಂಬ ವಾಡಿಕೆಯೇ ಅದರ ಬೇಡಿಕೆಗೆ ಮೂಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಳೆಯ ಸೇಬಿನ ತೋಪುಗಳು ಬಹುಮಟ್ಟಿಗೆ ನಾಶವಾದ ಮೇಲೆ, ಮನೆಯ ತೋಟದ ಮರದಲ್ಲಿಯೇ ಅದನ್ನು ಬೆಳೆಸುವ ಅಪೇಕ್ಷೆ ಇನ್ನಷ್ಟು ಬಲಗೊಂಡಿತು.

ಬೀಜದ ವಿಶೇಷ : ಹಣ್ಣಿನೊಳಗಿನ ತಿರುಳಿನಲ್ಲಿ ವಿಸಿನ್ ಎಂಬ ಅಂಟುದ್ರವ್ಯವಿದ್ದು ಅದು ಬೀಜವನ್ನು ಆವರಿಸಿರುತ್ತದೆ. ಮಿಸಲ್ ಥ್ರಷ್ ಎಂಬ ಪಕ್ಷಿ ಹಣ್ಣನ್ನು ಇಡಿಯಾಗಿ ನುಂಗಿ ಬೀಜಗಳನ್ನು ಎಳೆಎಳೆಯಾಗಿ ವಿಸರ್ಜಿಸುತ್ತದೆ; ಬ್ಲ್ಯಾಕ್‌ಕ್ಯಾಪ್ ಎಂಬ ಚಿಕ್ಕ ಪಕ್ಷಿಯಾದರೋ ಸಿಪ್ಪೆ ತಿರುಳುಗಳನ್ನು ಮಾತ್ರ ತಿಂದು, ಕೊಕ್ಕಿಗಂಟಿದ ಬೀಜವನ್ನು ಕೊಂಬೆಗೆ ಉಜ್ಜಿ ಬಿಡುತ್ತದೆ. ಹಕ್ಕಿಯ ಹೊಟ್ಟೆಯಲ್ಲಿ ಪಕ್ವವಾಗದೆ ಈ ಬೀಜ ಮೊಳೆಯದೆಂದು ಪ್ಲಿನಿ ಬರೆದಿದ್ದರೂ, ಬ್ಲ್ಯಾಕ್‌ಕ್ಯಾಪ್ ನೆಟ್ಟ ಬೀಜಗಳು ಚೆನ್ನಾಗಿ ಮೊಳೆಯುವುದೇ ಆ ಮಾತಿಗೆ ತಕ್ಕ ಉತ್ತರ. ಬೀಜಕ್ಕೆ ಇತರ ಬೀಜಗಳಂತೆ ಗಟ್ಟಿಯಾದ ಕವಚವಿಲ್ಲ. ಒಳಗಿನ ಭ್ರೂಣಾಹಾರ ಹಸಿರಾಗಿದ್ದು, ಒಂದೇ ಬೀಜದಲ್ಲಿ ಎರಡು ಭ್ರೂಣಗಳಿರುವುದೂ ಉಂಟು. ಮೊಳೆಯಲು ಅದಕ್ಕೆ ಬೆಳಕು ಅತ್ಯಾವಶ್ಯಕ. ತೊಗಟೆಯನ್ನು ಕೊಯ್ದು ಅದರ ಕೆಳಗೆ ಬೀಜವನ್ನು ಹುದುಗಿಸಬೇಕೆಂಬ ಹಳೆಯ ಉಪದೇಶವು ಬೀಜಕ್ಕೆ ಬೇಕಾದ ಬೆಳಕನ್ನೇ ಮರೆಮಾಡುವುದಲ್ಲದೆ ಮರಕ್ಕೂ ವೃಥಾ ಗಾಯವನ್ನುಂಟುಮಾಡುವುದರಿಂದ ತ್ಯಾಜ್ಯವೆಂದು ತಿಳಿಯತಕ್ಕುದು.

ಬಿತ್ತುವ ಕ್ರಮ : ಬಿತ್ತನೆಗೆ ಫೆಬ್ರವರಿ, ಮಾರ್ಚ್ ತಿಂಗಳುಗಳು ಯೋಗ್ಯ ಕಾಲ. ಕ್ರಿಸ್‌ಮಸ್ ಅಲಂಕಾರದ ಗೊಂಚಲಿನ ಹಣ್ಣುಗಳು ಪೂರ್ತಿ ಮಾಗಿರುವುದಿಲ್ಲವಾದುದರಿಂದಲೂ, ಬೆಚ್ಚನೆಯ ಕೋಣೆಯಲ್ಲಿ ಬೇಗನೆ ಬಾಡುವುದರಿಂದಲೂ, ಚಳಿಗಾಲದ ಅಂತ್ಯದಲ್ಲಿ ಗಿಡದಿಂದಲೇ ಬಿಡಿಸಿದ ಹೊಸ ಹಣ್ಣುಗಳು ಶ್ರೇಷ್ಠ. ಸೇಬಿನ ಮರದಲ್ಲಿ ಬಿತ್ತುವವರು ಸೇಬಿನ ಮರದ ಮೇಲೆ ಬೆಳೆದ ಸಸ್ಯದಿಂದಲೇ ಹಣ್ಣನ್ನಾರಿಸುವುದು ಮೇಲು. ಮರವು ಚೆನ್ನಾಗಿ ಬೆಳೆದು ದೃಢವಾಗಿರಬೇಕು. ಎಳೆಯ ಸಸಿಯಾಗಲಿ ರೋಗಗ್ರಸ್ತ ವೃಕ್ಷವಾಗಲಿ ಈ ಭಾರವನ್ನು ತಾಳಲಾರದು. ತೊಗಟೆಯು ಇನ್ನೂ ತೆಳುವಾಗಿ ನಯವಾಗಿರುವ, ಬಿಸಿಲು ಬೀಳುವ ಎಳೆಯ ಕೊಂಬೆಯನ್ನು ಆರಿಸಿ, ಹಣ್ಣನ್ನು ಹಿಸುಕಿ ಸಿಪ್ಪೆಯನ್ನು ತೆಗೆದು, ಬೀಜವನ್ನು ಅದರ ಅಂಟಿನಿಂದಲೇ ಕೊಂಬೆಯ ಪಕ್ಕಕ್ಕೋ ತಳಭಾಗಕ್ಕೋ ಮೆತ್ತತಕ್ಕುದು. ಅಂಟು ಒಣಗಿದ ಮೇಲೆ ಬೀಜ ಸುಲಭವಾಗಿ ಜಾರದು. ಹಕ್ಕಿಗಳೂ ಬಸವನಹುಳುಗಳೂ ಅನೇಕ ಬೀಜಗಳನ್ನು ತಿಂದುಹಾಕುವುದರಿಂದಲೂ, ಬೀಜವನ್ನು ನೋಡಿ ಗಂಡು ಹೆಣ್ಣೆಂಬ ಭೇದವನ್ನು ಅರಿಯಲಾಗದುದರಿಂದಲೂ, ಒಂದೆರಡನ್ನು ಬಿತ್ತಿ ತೃಪ್ತರಾಗದೆ ಹಲವು ಕೊಂಬೆಗಳಲ್ಲಿ ಹತ್ತಾರು ಬೀಜಗಳನ್ನು ಬಿತ್ತಿ, ಗುರುತಿಗೆ ದಾರವನ್ನು ಕಟ್ಟುವುದು ವಿಹಿತ. ಹತ್ತಿರದಲ್ಲಿ ಗಂಡುಸಸ್ಯವಿಲ್ಲದಿದ್ದರೆ ಹೆಣ್ಣುಸಸ್ಯ ಎಷ್ಟು ಬೆಳೆದರೂ ಹಣ್ಣು ಕಟ್ಟುವುದಿಲ್ಲ.

ಬೆಳವಣಿಗೆ : ವಸಂತದಲ್ಲಿ ಬೀಜದಿಂದ ಹಸಿರು ಮೊಳಕೆಯೊಂದು ಹೊರಟು, ಬೆಳಕಿಗೆ ವಿಮುಖವಾಗಿ ಬಾಗಿ, ತುದಿಯನ್ನು ತೊಗಟೆಗೆ ಒತ್ತಿ ಬಿಲ್ಲೆಯಂತೆ ಹರಡುತ್ತದೆ. ಆ ಬಿಲ್ಲೆಯ ನಡುವಿನಿಂದ ಹೊರಟ ಹೀರುಬೇರು ತೊಗಟೆಯನ್ನು ಭೇದಿಸಿ ಮರದ ಜಲವಾಹಕ ಅಂಗಾಂಶವನ್ನು ಸೇರುತ್ತದೆ. ಈ ಒಳಗಿನ ಕಾರ್ಯ ನಡೆಯುತ್ತಿರುವಾಗ ಹೊರಗೆ ಬಹುಕಾಲ ಏನೂ ಬದಲಾವಣೆ ಕಾಣದಿರುವುದರಿಂದ, ಅನುಭವವಿಲ್ಲದವರು ಬಿತ್ತನೆ ವಿಫಲವಾಯಿತೆಂದು ಭ್ರಮಿಸಿ ಕೊಂಬೆಯನ್ನು ಸವರಿಬಿಡುವುದುಂಟು. ಮೊದಲ ನಿಜವಾದ ಎಲೆಗಳು ಸಾಮಾನ್ಯವಾಗಿ ಎರಡನೆಯ ವರ್ಷದಲ್ಲಿಯೋ ಅದಕ್ಕೂ ತಡವಾಗಿಯೋ ತೋರುತ್ತವೆ. ಅನಂತರ ವರ್ಷಕ್ಕೊಮ್ಮೆ ಕವಲೊಡೆಯುವುದರಿಂದ ಕವಲುಗಳನ್ನೆಣಿಸಿ ಸಸ್ಯದ ವಯಸ್ಸನ್ನು ಸ್ಥೂಲವಾಗಿ ಅಳೆಯಬಹುದು. ಹಣ್ಣನ್ನು ಕಾಣಲು ಬಿತ್ತಿದಂದಿನಿಂದ ನಾಲ್ಕೈದು ವರ್ಷಗಳಾದರೂ ಕಾಯಬೇಕು.

ಪಾಲನೆ ಮತ್ತು ಎಚ್ಚರಿಕೆ : ಒಮ್ಮೆ ನೆಲೆಯೂರಿದ ಮಿಸಲ್‌ಟೋಗೆ ಗೊಬ್ಬರ, ನೀರುಗಳ ಉಪಚಾರವೇನೂ ಬೇಡ, ಬೇಕಾದುದು ಅದು ಮಿತಿಮೀರದಂತೆ ಹತೋಟಿ. ಪೊದೆಗಳು ಹೆಚ್ಚಿದಂತೆಲ್ಲ ಮರಕ್ಕೆ ನೀರಿನ ಕೊರತೆ ತಗಲಿ, ಪೊದೆಯಿಂದಾಚೆಗಿನ ಕೊಂಬೆ ಸೊರಗಿ, ಫಲ ಕುಂದಿ, ಕೊನೆಗೆ ಮರವೇ ಸಾಯಬಹುದು. ಪ್ರತಿ ಚಳಿಗಾಲದಲ್ಲಿಯೂ ಒಂದು ಭಾಗವನ್ನು ಕತ್ತರಿಸುತ್ತಿರಬೇಕು. ಒಳಗುಳಿದ ಹೀರುಬೇರಿನಿಂದ ಸಸ್ಯ ಮತ್ತೆ ಚಿಗುರಬಲ್ಲುದಾದ್ದರಿಂದ ಪೂರ್ತಿ ನಿವಾರಿಸಬೇಕಾದಲ್ಲಿ ಕೊಂಬೆಯನ್ನೇ ತೆಗೆಯಬೇಕಾಗುತ್ತದೆ. ಹಣ್ಣಿಗಾಗಿ ಹೆಣ್ಣುಸಸ್ಯಗಳನ್ನೇ ಕತ್ತರಿಸಿ ಗಂಡುಸಸ್ಯಗಳನ್ನು ಬಿಟ್ಟುಬಿಡುವ ತೋಪಿನಲ್ಲಿ, ಕಾಲಾಂತರದಲ್ಲಿ ಹಣ್ಣಿಲ್ಲದ ಪೊದೆಗಳೇ ಮರವನ್ನಾಕ್ರಮಿಸುತ್ತವೆ. ಎಲೆ ಕಾಂಡಗಳಲ್ಲಿ ವಿಸ್ಕೊಟಾಕ್ಸಿನ್ ಮೊದಲಾದ ವಿಷದ್ರವ್ಯಗಳಿರುವುದರಿಂದ ಸಸ್ಯವನ್ನೂ ಹಣ್ಣನ್ನೂ ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಯೂರೋಪಿನ ಹೊರಗೆ : ಸಸ್ಯವಿಜ್ಞಾನಿ ಲೂಥರ್ ಬರ್ಬ್ಯಾಂಕ್ ಸುಮಾರು 1900ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಕ್ಕೆ ತಂದು ಬೆಳೆಸಿದ ಈ ಸಸ್ಯವು ಸೊನೋಮ ಪ್ರಾಂತದಲ್ಲಿ ತಾನಾಗಿ ಹಬ್ಬಿತು. ಭಾರತದಲ್ಲಿ ವಿಸ್ಕಮ್ ಆಲ್ಬಮ್ ಹಿಮಾಲಯದ ಪ್ರದೇಶದಲ್ಲಿ ಸಹಜವಾಗಿ ಬೆಳೆಯುತ್ತದೆ. ಕರ್ನಾಟಕದ ಮಾವಿನ ತೋಪುಗಳಲ್ಲಿ ಕಾಣುವ ಸಾಮಾನ್ಯ ಬಂದಳಿಕೆಯು ಡೆಂಡ್ರಾಫ್ತಿ ಫಲ್ಕೇಟ ಎಂಬ ಬೇರೆ ಪ್ರಭೇದ. ಅದರ ಬೀಜಗಳನ್ನು ಬದನಿಕೆ ಹಕ್ಕಿಗಳು ಮರದಿಂದ ಮರಕ್ಕೆ ಬೇಕಾದಷ್ಟು ಹರಡುತ್ತಿರುವುದರಿಂದ, ಅದನ್ನು ಹಣ್ಣು ಬಿಡುವ ಮುನ್ನವೇ ಕೊಂಬೆಸಮೇತ ತೆಗೆಯುವುದು ನಮ್ಮ ತೋಟಗಾರನಿಗೆ ಹಿತ. ಮಿಸಲ್‌ಟೋವನ್ನು ಬಿತ್ತುವುದು ಅದು ಸಹಜವಾಗಿ ಬೆಳೆಯುವ ನಾಡಿನಲ್ಲಿ, ಸ್ವಂತದ ಮರದ ಮೇಲೆ, ವರ್ಷವರ್ಷವೂ ಸವರುವ ಸಂಕಲ್ಪವುಳ್ಳವನಿಗೆ ಮಾತ್ರ ಉಚಿತ.