ಓಣಿಯ ಕೊನೆಯ ಇನ್ನೂರು ಗಜ

ಮುಂಬಯಿಯ ಮಸ್ಜಿದ್ ಸ್ಟೇಷನ್ನಿನಿಂದ ಹೊರಬಿದ್ದು ಭಾತ್ ಬಜಾರಿನ ಕಡೆ ನಡೆದವರಿಗೆ ಒಂದು ಸಂಗತಿ ಕೂಡಲೇ ತಿಳಿಯುತ್ತದೆ: ಈ ಓಣಿಗಳನ್ನು ಲಾರಿಗಾಗಿ ಕಟ್ಟಿದ್ದಲ್ಲ. ಪ್ರಿನ್ಸಸ್ ಡಾಕ್ 1880ರಲ್ಲಿ, ವಿಕ್ಟೋರಿಯಾ ಡಾಕ್ 1888ರಲ್ಲಿ, ಅಲೆಕ್ಸಾಂಡ್ರಾ ಡಾಕ್ 1914ರಲ್ಲಿ ತೆರೆದವು. ಮರುವರ್ಷವೇ ಬಂದರಿನದೇ ರೈಲು ಓಡಿತು. ಕಡಲು ದಾಟಿ ಬಂದ ಸರಕನ್ನು ಇಳಿಸಲು ಕ್ರೇನು, ಸಾಗಿಸಲು ಹಳಿ, ಇಡಲು ಗೋದಾಮು, ಎಲ್ಲವೂ ಸಿದ್ಧವಾದವು. ಗೋದಾಮಿನಿಂದ ಅಂಗಡಿಯ ಬಾಗಿಲಿಗೆ ಉಳಿದ ಇನ್ನೂರು ಗಜಕ್ಕೆ ಮಾತ್ರ ಯಾವ ಯಂತ್ರವೂ ಬರಲಿಲ್ಲ. ಅಲ್ಲಿಗೆ ಬಂದದ್ದು ಹಾತ್‌ಗಾಡಿ ಮತ್ತು ಮನುಷ್ಯನ ತಲೆ.

ತಲೆಯ ಮೇಲೆ ಹೊರುವವನೇ ಮಾಥಾಡಿ. ಹೆಚ್ಚಿನವರು ಸಾತಾರ, ಸಾಂಗಲಿ, ಪುಣೆಯ ಘಟ್ಟದ ಹಳ್ಳಿಗಳಿಂದ ಬಂದವರು. ನೂರು ಕಿಲೋ ತೂಗುವ ಗೋಣಿಚೀಲ ಆಗ ಮಾಮೂಲು. ಕೂಲಿ ಚೀಲದ ಲೆಕ್ಕದಲ್ಲಿ, ಅದೂ ಟೋಳಿಗೆ. ಟೋಳಿಯ ಮುಕಾದಮ ಹಂಚಿದ ಮೇಲೆ ಕೈಗೆ ಬಂದದ್ದೇ ಬಂತು.

ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಇದಕ್ಕಿಂತ ದಕ್ಷ ವ್ಯವಸ್ಥೆ ಇಲ್ಲ. ಲಾರಿ ಬಂದರೆ ಆಳು ಹಾಜರು, ಬಾರದಿದ್ದರೆ ಖರ್ಚಿಲ್ಲ. ಆದರೆ ಲಾರಿ ಬರುವ ತನಕ ಯಾರೋ ಕಾಯಬೇಕಲ್ಲ? ಹಮಾಲ ಅಂಗಡಿಯ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದ. ಆ ಹೊತ್ತಿಗೆ ಯಾರೂ ದುಡ್ಡು ಕೊಡುತ್ತಿರಲಿಲ್ಲ. ಸರಕು ಸಾಗಣೆಯ ಅಗ್ಗದ ಗುಟ್ಟು ಇದ್ದದ್ದು ಇಲ್ಲೇ. (ಇದೇ ಊರಿನ ಡಬ್ಬಾವಾಲಾಗಳ ಬಗ್ಗೆ ಹಾರ್ವರ್ಡ್‌ನವರೂ ಬರೆದರು. ಹಮಾಲನ ಲೆಕ್ಕಾಚಾರ ಅಷ್ಟು ಚಂದವಾಗಿ ಕಾಣುವಂಥದ್ದಲ್ಲ.)

ಕಾನೂನಿನ ತೊಡಕು ಇನ್ನೊಂದು. ಬೆಳಿಗ್ಗೆ ಒಬ್ಬ ಸೇಠನ ಸಕ್ಕರೆ, ಮಧ್ಯಾಹ್ನ ಇನ್ನೊಬ್ಬನ ಬೇಳೆ, ಸಂಜೆ ಮೂರನೆಯವನ ಮೆಣಸಿನಕಾಯಿ ಹೊರುವವನಿಗೆ ಮಾಲೀಕ ಯಾರು? ಪ್ರತಿಯೊಬ್ಬನೂ ‘ನಾನಲ್ಲ’ ಎನ್ನಬಹುದಿತ್ತು, ಅದು ಸುಳ್ಳೂ ಆಗಿರಲಿಲ್ಲ. ಮಾಲೀಕನೇ ಇಲ್ಲದವನಿಗೆ ಪ್ರಾವಿಡೆಂಟ್ ಫಂಡ್ ಎಲ್ಲಿಂದ, ರಜೆ ಎಲ್ಲಿಂದ?

ಅಣ್ಣಾಸಾಹೇಬ ಪಾಟೀಲರು 1960ರ ದಶಕದಲ್ಲಿ ಈ ಹಮಾಲರ ಸಂಘ ಕಟ್ಟಿ ಹೋರಾಡಿದರು. 1969ರಲ್ಲಿ ಮಹಾರಾಷ್ಟ್ರ ಮಾಥಾಡಿ, ಹಮಾಲರ ಕಾಯ್ದೆ ಬಂತು. ಅದರ ಜಾಣ್ಮೆ ನೋಡಿ: ಮಾಲೀಕ ಯಾರೆಂಬ ಜಗಳಕ್ಕೆ ಅದು ಹೋಗಲೇ ಇಲ್ಲ. ಸರ್ಕಾರ, ವ್ಯಾಪಾರಿಗಳು, ಕಾರ್ಮಿಕರು ಮೂವರೂ ಇರುವ ಮಂಡಳಿಗಳನ್ನು ಮಾಡಿತು. ಅಂಗಡಿಯವನೂ ಹಮಾಲನೂ ಅಲ್ಲಿ ಹೆಸರು ಬರೆಸಬೇಕು. ಕೂಲಿಯನ್ನು, ಅದರ ಮೇಲೆ ಇಂತಿಷ್ಟು ಲೆವಿಯನ್ನು ವ್ಯಾಪಾರಿ ಮಂಡಳಿಗೆ ಕಟ್ಟಬೇಕು. ಮಂಡಳಿಯೇ ಕೂಲಿ ಬಟವಾಡೆ ಮಾಡಿ, ಲೆವಿಯಿಂದ ಪಿ.ಎಫ್., ಗ್ರಾಚ್ಯುಟಿ, ಆಸ್ಪತ್ರೆಯ ಖರ್ಚು ನೋಡಿಕೊಳ್ಳುತ್ತದೆ. ಅಲ್ಲಿಯವರೆಗೆ ಹಮಾಲ ತನ್ನ ಸೊಂಟದಿಂದ ತೆರುತ್ತಿದ್ದ ಖರ್ಚು ಮೊದಲ ಬಾರಿಗೆ ಸರಕಿನ ದರದೊಳಗೆ ಸೇರಿತು.

ಕಾಯ್ದೆ ಎಲ್ಲ ಕಡೆಯೂ ಒಂದೇ ರೀತಿ ನಡೆಯಿತೆಂದಲ್ಲ. ನೋಂದಣಿ ತಪ್ಪಿಸಿಕೊಳ್ಳುವವರು ಇದ್ದೇ ಇದ್ದರು. ಕೆಲಸ ಮಾಡದೆಯೇ ಮಾಥಾಡಿ ಹೆಸರಿನಲ್ಲಿ ಹಣ ವಸೂಲಿ ಮಾಡುವವರ ಮೇಲೆ ಕಾರ್ಖಾನೆಯವರ ದೂರುಗಳೂ ಬಂದವು, ಆ ದೂರುಗಳಲ್ಲಿ ಹುರುಳೂ ಇತ್ತು.

ಅಷ್ಟರಲ್ಲಿ ಊರೇ ಜಾಗ ಬದಲಿಸಿತು. ದಕ್ಷಿಣ ಮುಂಬಯಿಯ ದಟ್ಟಣೆ ಇಳಿಸಲೆಂದು 1980 ಮತ್ತು 90ರ ದಶಕಗಳಲ್ಲಿ ಈರುಳ್ಳಿ, ದಿನಸಿ, ಹಣ್ಣು, ತರಕಾರಿಯ ಸಗಟು ಪೇಟೆಗಳು ಒಂದೊಂದಾಗಿ ಖಾಡಿಯಾಚೆ ವಾಶಿಗೆ ಹೋದವು. 1989ರಲ್ಲಿ ನ್ಹಾವಾ ಶೇವಾ ಬಂದರು ತೆರೆದು ಕಂಟೇನರುಗಳನ್ನು ಸೆಳೆದುಕೊಂಡಿತು. ವಾಶಿಯ ಪೇಟೆಯಲ್ಲಿ ಲಾರಿಗೆ ಬೇಕಾದಷ್ಟು ಜಾಗವಿದೆ. ಆದರೆ ದಾದರಿನ ಅಂಗಡಿಯವನ ಟೊಮೆಟೊ ಈಗ ಖಾಡಿ ದಾಟಿ ಟೆಂಪೊದಲ್ಲಿ ಮರಳಿ ಬರಬೇಕು. ಕೊನೆಯ ಇನ್ನೂರು ಗಜ ಹಾಗೇ ಉಳಿಯಿತು, ಅದರ ಹಿಂದೆ ಹತ್ತಾರು ಮೈಲಿ ಸೇರಿಕೊಂಡಿತು.

ಅದೇ ಗಜಗಳ ಮೇಲೆ ಈಗ ಬೆನ್ನಿಗೆ ಚೀಲ ಕಟ್ಟಿದ ಸ್ಕೂಟರಿನ ಹುಡುಗರು. ಒಂದು ಫೋನಿನಲ್ಲಿ ಎರಡು ಮೂರು ಕಂಪನಿಗಳ ಆ್ಯಪ್. ಆರ್ಡರ್ ಬಂದರೆ ಕಾಸು, ಇಲ್ಲದಿದ್ದರೆ ಕಾಯುವುದು. ಮಾಲೀಕ ಯಾರೆಂದು ಕೇಳಿದರೆ ಉತ್ತರವೂ ಹಳೆಯದೇ. ಇವರಿಗಾಗಿ ರಾಜಸ್ಥಾನ 2023ರಲ್ಲಿ, ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿದವು. ಎರಡರಲ್ಲೂ ಮಂಡಳಿ ಇದೆ, ನೋಂದಣಿ ಇದೆ. ಕರ್ನಾಟಕದ ಕಾಯ್ದೆಯಲ್ಲಿ, ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಸಲ್ಲುವ ಹಣದ ಶೇ. 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ಶುಲ್ಕವಾಗಿ ಕಟ್ಟಬೇಕು. ಭಾತ್ ಬಜಾರಿನ ಸೇಠ ಲೆವಿ ಕಟ್ಟತೊಡಗಿ ಆಗಲೇ ಅರ್ಧ ಶತಮಾನ ಕಳೆದಿತ್ತು.