ನೀರು, ಹೂಳು, ಚಿಪ್ಪುಜೀವಿ: ಸ್ಯಾನ್ ಫ್ರಾನ್ಸಿಸ್ಕೊ ಅಳಿವೆಯ ಮಾಲಿನ್ಯ ನಿಗಾ ಕುರಿತು

ಅಳಿವೆಯ ನೀರು ಭರತಕ್ಕೊಂದು ಬಗೆ, ಇಳಿತಕ್ಕೊಂದು ಬಗೆ. ಒಂದು ಹೊತ್ತಿನಲ್ಲಿ ತುಂಬಿಕೊಂಡ ನೀರಿನ ಮಾದರಿಯನ್ನೇ ನಂಬಿ ಅಳಿವೆ ಶುದ್ಧವೆಂದು ತೀರ್ಮಾನಿಸಲಾಗದು. ನೀರು, ಹೂಳು, ಚಿಪ್ಪುಜೀವಿ ಮೂರನ್ನೂ ಒಟ್ಟಿಗೆ, ವರ್ಷಾನುಗಟ್ಟಲೆ ಪರೀಕ್ಷಿಸಿದರೆ ಮಾತ್ರ ಮಾಲಿನ್ಯದ ನಿಜಸ್ವರೂಪ ತಿಳಿಯುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ. ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಅಳಿವೆಯಲ್ಲಿ 1993ರಿಂದ ನಡೆದುಬಂದಿರುವ ಪ್ರಾದೇಶಿಕ ನಿಗಾ ಕಾರ್ಯಕ್ರಮ ಇದಕ್ಕೆ ಆಧಾರ.

ನೀರು ಆ ಕ್ಷಣದ ಸ್ಥಿತಿಯನ್ನೂ, ಚಿಪ್ಪುಜೀವಿ ಕೆಲವು ತಿಂಗಳ ಸಂಚಯವನ್ನೂ, ಹೂಳು ದಶಕಗಳ ಚರಿತ್ರೆಯನ್ನೂ ಹೇಳುತ್ತವೆ. ತೆರೆದ ಕರಾವಳಿಯ ಬೊಡೇಗಾ ಹೆಡ್‌ನ ಶುದ್ಧ ನೀರಿನಲ್ಲಿ ಬೆಳೆದ ಮಸ್ಸೆಲ್‌ಗಳನ್ನು ತಂದು, ಬಲೆಚೀಲಗಳಲ್ಲಿ ತುಂಬಿ, ಒಣ ಋತುವಿನಲ್ಲಿ ಸುಮಾರು 3 ತಿಂಗಳು ಅಳಿವೆಯಲ್ಲಿ ಇಳಿಬಿಡುತ್ತಾರೆ. ಇಳಿಬಿಡುವ ಮೊದಲು ಮತ್ತು ಮೇಲೆತ್ತಿದ ನಂತರ ಅವುಗಳ ಮಾಂಸದಲ್ಲಿ ಕಾಣುವ ವ್ಯತ್ಯಾಸವೇ ಅಳಿವೆ ಉಣಿಸಿದ ವಿಷದ ಅಳತೆ. ಉಪ್ಪು ಕಡಿಮೆಯಾದ ನದೀಮುಖದಲ್ಲಿ ಮಸ್ಸೆಲ್ ಬದುಕುವುದಿಲ್ಲ. ಅಲ್ಲಿ ಸ್ಥಳದಲ್ಲೇ ಇರುವ ಬಳಚುಗಳನ್ನು ಬಳಸಬೇಕಾಗುತ್ತದೆ. ನುಣುಪು ಜೇಡಿ ಮರಳಿಗಿಂತ ಹೆಚ್ಚು ಮಾಲಿನ್ಯ ಹಿಡಿದಿಡುವುದರಿಂದ, ಹೂಳಿನ ಫಲಿತಾಂಶಗಳನ್ನು ಕಣಗಾತ್ರ ಮತ್ತು ಸಾವಯವ ಇಂಗಾಲದೊಂದಿಗೆ ತೂಗಿ ನೋಡುವುದೂ ಅಗತ್ಯ.

ಸೆಲೆನಿಯಂನ ನಿದರ್ಶನ ಕಣ್ತೆರೆಸುವಂಥದು. ತೈಲ ಸಂಸ್ಕರಣಾಗಾರಗಳಿಂದಲೂ ಸ್ಯಾನ್ ವಾಕೀನ್ ಕಣಿವೆಯ ಕೃಷಿ ಬಸಿನೀರಿನಿಂದಲೂ ಅದು ಅಳಿವೆಗೆ ಬರುತ್ತದೆ. ನೀರಿನಲ್ಲಿ ಅದರ ಪ್ರಮಾಣ, ಲೀಟರಿಗೆ 5 ಮೈಕ್ರೋಗ್ರಾಂ ಎಂಬ ಮಾನದಂಡಕ್ಕಿಂತ ಬಹಳ ಕೆಳಗಿತ್ತು. ಆದರೆ 1986ರಲ್ಲಿ ಇಲ್ಲಿ ಮೊದಲು ಕಂಡುಬಂದ ಏಷ್ಯಾ ಮೂಲದ ಕಾರ್ಬುಲಾ ಬಳಚು, ಪಾಚಿಯ ಮೂಲಕ ಸೆಲೆನಿಯಂ ಸೇವಿಸಿ ಬಹಳ ನಿಧಾನವಾಗಿ ಹೊರಹಾಕುತ್ತದೆ. ಅದನ್ನು ತಿನ್ನುವ ಬಿಳಿ ಸ್ಟರ್ಜನ್ ಮೀನಿನಲ್ಲಿ ವಿಷ ಇನ್ನಷ್ಟು ಸೇರಿತು. ನೀರಿನ ಅಂಕಿಯೊಂದನ್ನೇ ನೆಚ್ಚಿದ್ದರೆ ಈ ಅಪಾಯ ಗಮನಕ್ಕೇ ಬರುತ್ತಿರಲಿಲ್ಲ.

ಕಾನೂನಿನ ಪರಿಣಾಮವನ್ನು ಅಳೆಯಲೂ ಇದೇ ದಾರಿ. ಪೀಠೋಪಕರಣಗಳ ಫೋಮ್‌ನಲ್ಲಿ ಬಳಸುತ್ತಿದ್ದ ಅಗ್ನಿನಿರೋಧಕ ಪಿಬಿಡಿಇಗಳ ಬಳಕೆ 2000ದ ದಶಕದಲ್ಲಿ ನಿಂತ ಮೇಲೆ ಚಿಪ್ಪುಜೀವಿಗಳಲ್ಲಿ ಅವುಗಳ ಪ್ರಮಾಣ ಗಣನೀಯವಾಗಿ ಇಳಿಯಿತು. ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕಗಳ ಕತೆ ಬೇರೆ. ಅಮೆರಿಕದಲ್ಲಿ ಅವುಗಳ ತಯಾರಿಕೆ 1979ರಲ್ಲೇ ನಿಷೇಧವಾದರೂ, ಹೂಳಿನಲ್ಲಿ ಉಳಿದ ದಾಸ್ತಾನು ಮತ್ತು ನಗರಗಳಿಂದ ಹರಿದುಬರುವ ಮಳೆನೀರು ಆಹಾರ ಸರಪಳಿಗೆ ಅವನ್ನು ಉಣಿಸುತ್ತಲೇ ಇವೆ. ಪಾದರಸ ಮತ್ತು ಪಿಸಿಬಿಗಳ ಕಾರಣದಿಂದ 1994ರಲ್ಲಿ ಮೀನು ಸೇವನೆಯ ಎಚ್ಚರಿಕೆ ಹೊರಡಿಸಬೇಕಾಯಿತು.

ಚಿಪ್ಪುಜೀವಿಗೂ ಮಿತಿಯಿದೆ. ಚಿನ್ನದ ಗಣಿಗಾರಿಕೆ ಮತ್ತು ನ್ಯೂ ಆಲ್ಮಡೆನ್ ಗಣಿಯಿಂದ ಬಂದ ಪಾದರಸ, ಮೀಥೈಲ್ ರೂಪ ತಾಳಿ ಆಹಾರ ಸರಪಳಿಯ ಮೇಲಿನ ಹಂತಗಳಲ್ಲಿ ಸಾಂದ್ರಗೊಳ್ಳುತ್ತದೆ. ಅದರ ಅಪಾಯ ಅರಿಯಲು ಮೀನನ್ನೇ ಪರೀಕ್ಷಿಸಬೇಕು.

ಆದ್ದರಿಂದ ನಿಷೇಧ ಜಾರಿಯಾದೊಡನೆ ನಿಗಾ ನಿಲ್ಲಿಸುವುದು ಸಲ್ಲದು. ಅದೇ ಪ್ರಭೇದ, ಅದೇ ಋತು, ಅದೇ ವಿಧಾನವನ್ನು ದಶಕಗಳ ಕಾಲ ಪಾಲಿಸಬೇಕು. ಸುರಕ್ಷತೆಯ ಮಾನದಂಡವನ್ನು ನೀರಿಗಷ್ಟೇ ಅಲ್ಲ, ಜೀವಿಗಳ ಮಾಂಸಕ್ಕೂ ನಿಗದಿಪಡಿಸಬೇಕು. ಅಳಿವೆಯನ್ನು ನೆಚ್ಚಿ ಉಣ್ಣುವವರಿಗೆ ವಿಜ್ಞಾನ ಸಲ್ಲಿಸಬೇಕಾದ ಕನಿಷ್ಠ ಕರ್ತವ್ಯವಿದು.